ಲೆಕ್ಕಕ್ಕಿಲ್ಲದ ಹೆಸರು

ವ್ಯಾಪಾರ ಬಿಟ್ಟ ಗಂಡಸು ಮನೆಯಲ್ಲಿ ಎಲ್ಲಿ ಕೂರಬೇಕು ಎಂಬ ಪ್ರಶ್ನೆಗೆ ಅಥೆನ್ಸಿನ ಒಬ್ಬ ತತ್ವಜ್ಞಾನಿಯೂ ಇದುವರೆಗೆ ಉತ್ತರ ಹೇಳಿಲ್ಲ. ಪ್ರಪಂಚ ನೀರಿನಿಂದ ಆಯಿತೋ ಬೆಂಕಿಯಿಂದ ಆಯಿತೋ ಎಂದು ತಲೆಮಾರುಗಟ್ಟಲೆ ಗುದ್ದಾಡಿದ್ದಾರೆ. ಸೂರ್ಯ ಎಷ್ಟು ದಪ್ಪ, ಆತ್ಮ ಎಷ್ಟು ತೆಳ್ಳಗೆ ಎಂಬುದೆಲ್ಲ ಅವರಿಗೆ ಗೊತ್ತು. ಆದರೆ ಒಲೆಯ ಪಕ್ಕ ಕೂತರೆ ಹೆಂಡತಿಗೆ ಅಡ್ಡ, ಮಗ್ಗದ ಪಕ್ಕ ಕೂತರೆ ಸೊಸೆಗೆ ಅಡ್ಡ, ಬಾಗಿಲಲ್ಲಿ ಕೂತರೆ ಊರಿಗೆಲ್ಲ ಅಡ್ಡ ಎಂದಾದಾಗ ಮನುಷ್ಯ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಲಿಲ್ಲ. (ಅವರಲ್ಲಿ ಅನೇಕರು ಮದುವೆಯಾಗಿರಲಿಲ್ಲ. ಕಾರಣ ಅದೇ ಇದ್ದೀತು.)

ಹಗ್ಗದ ಆರ್ಕಿಪ್ಪನ ಪಾಡು ಹೀಗಾಗಿತ್ತು. ಪಿರೇಯಸ್ ಬಂದರಿನಲ್ಲಿ ಹಡಗಿನ ಹಗ್ಗ ಮಾರಿ ಬದುಕು ಕಟ್ಟಿದವನು, ಮೊಣಕಾಲು ಹಿಡಿದುಕೊಂಡಿತೆಂದು ಅಂಗಡಿಯನ್ನು ಮಗ ಲೈಕೋನನ ಕೈಗೆ ಕೊಟ್ಟು ಮನೆ ಸೇರಿದ. ಬಂದರಿನಲ್ಲಿ ಅವನು ಕೆಮ್ಮಿದರೆ ಹತ್ತು ಜನ ತಿರುಗಿ ನೋಡುತ್ತಿದ್ದರು. ಮನೆಯಲ್ಲಿ ಕೆಮ್ಮಿದರೆ ಕಷಾಯ ಬರುತ್ತಿತ್ತು. ಹಾಗಾಗಿ ಅವನು ತನ್ನ ಅನುಭವವನ್ನು ಅಡುಗೆಮನೆಗೆ ಧಾರೆ ಎರೆಯಲು ನಿಶ್ಚಯಿಸಿದ. ಬೇಳೆಗೆ ಎಣ್ಣೆ ಯಾವಾಗ ಬೀಳಬೇಕು, ಉಣ್ಣೆಯ ಎಳೆ ಎಷ್ಟು ಹೊಸೆಯಬೇಕು, ನೀರಿನ ಗಡಿಗೆ ಯಾವ ದಿಕ್ಕಿಗೆ ಇರಬೇಕು ಎಂಬುದನ್ನೆಲ್ಲ ಹೆಂಡತಿಯ ಬೆನ್ನ ಹಿಂದೆ ನಿಂತು ವಿವರಿಸತೊಡಗಿದ.

ಫಿಲಿನ್ನ ಸೌಟನ್ನು ಕೆಳಗಿಟ್ಟು ತಿರುಗಿದಳು.

"ರೀ, ನಾನು ಯಾವತ್ತಾದ್ರೂ ನಿಮ್ಮ ಅಂಗಡಿಗೆ ಬಂದು ಈ ಗಂಟು ಹಿಂಗಲ್ಲ ಹಂಗೆ ಹಾಕಿ ಅಂದಿದ್ದೀನಾ?"

"ಇಲ್ಲ."

"ಮತ್ತೆ ನನ್ನ ಒಲೆ ಹತ್ರ ನಿಮಗೇನು ಕೆಲಸ? ಎದ್ದು ಪೇಟೆಗೆ ಹೋಗಿ. ಮೀನು ತನ್ನಿ. ಆತುರ ಏನಿಲ್ಲ, ನಿಧಾನವಾಗೇ ತನ್ನಿ."

ಪೇಟೆಗೆ ಹೋಗಿ ಸಾಮಾನು ತರುವುದು ನಮ್ಮಲ್ಲಿ ಗಂಡಸರ ಕೆಲಸ. ಮರ್ಯಾದಸ್ತರ ಮನೆಯ ಹೆಂಗಸು ಮೀನಿನ ಕಟ್ಟೆಯಲ್ಲಿ ಚೌಕಾಸಿ ಮಾಡುವ ಹಾಗಿಲ್ಲ. ಈ ಕಟ್ಟಳೆ ಮಾಡಿದ ಹಿರಿಯರು ಹೆಂಗಸರ ಮಾನ ಕಾಯಲು ಮಾಡಿದರು ಎನ್ನುತ್ತಾರೆ. ಗಂಡಂದಿರನ್ನು ಬೆಳಗಿನ ಹೊತ್ತು ಮನೆಯಿಂದ ಆಚೆ ಹಾಕಲು ಅವರ ಹೆಂಡಿರೇ ಹೇಳಿ ಮಾಡಿಸಿದ್ದು ಎಂದು ನನ್ನ ಗುಮಾನಿ.

ಹೀಗೆ ದಿನವೂ ಆಚೆ ಬಿದ್ದ ಆರ್ಕಿಪ್ಪ ತತ್ವಶಾಸ್ತ್ರದ ಕೈಗೆ ಸಿಕ್ಕಿಬಿದ್ದ. ನಮ್ಮೂರಿನಲ್ಲಿ ಕಲ್ಲು ಎಸೆದರೆ ಒಬ್ಬ ತತ್ವಜ್ಞಾನಿಗೆ ತಗಲುತ್ತದೆ, ಅವನು ನೋವೆಂದರೇನು ಎಂದು ಪಾಠ ಶುರುಮಾಡುತ್ತಾನೆ. ಮೊದಲು ಅಕಾಡೆಮಿಗೆ ಹೋದ. ಊರ ಬಾಗಿಲು ದಾಟಿ ಬಿಸಿಲಲ್ಲಿ ಅಷ್ಟು ದೂರ ನಡೆದು ಹೋದರೆ ತ್ರಿಕೋನದ ವಿಷಯ ಕೇಳಿದರು. ಆಮೇಲೆ ಲೈಸಿಯಂ. ಅಲ್ಲಿನವರು ನಡೆಯುತ್ತಲೇ ಪಾಠ ಹೇಳುತ್ತಾರೆ. ಕೆಟ್ಟ ಮೊಣಕಾಲಿನ ಆರ್ಕಿಪ್ಪ ಯಾವಾಗಲೂ ಅರ್ಧ ವಾಕ್ಯ ಹಿಂದೆ ಬೀಳುತ್ತಿದ್ದ. ಎಲ್ಲವನ್ನೂ ಬಿಟ್ಟು ಬೀದಿನಾಯಿಯ ಹಾಗೆ ಬದುಕಬೇಕೆನ್ನುವ ನಾಯಿ ಪಂಥದವನೊಬ್ಬ, ಚಪ್ಪಲಿ ಎಸೆದು ಬಾ, ಆಮೇಲೆ ಮಾತಾಡೋಣ ಎಂದ. ಚಪ್ಪಲಿ ಹೊಸದಾಗಿತ್ತು. ಇನ್ನು ತೋಟದವರು, ಸುಖವೇ ಪರಮ ಗುರಿ ಎನ್ನುವವರು. ಆಸೆಯಿಂದ ಹೋದರೆ ಬಾರ್ಲಿ ರೊಟ್ಟಿ, ನೀರು, ಒಂದು ಚೂರು ಗಿಣ್ಣು ಕೊಟ್ಟು ಇದೇ ಸುಖ ಎಂದರು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಪಕ್ಕದ ಮನೆಯ ಕ್ಯಾಲಿಫೋನ ಅಲ್ಲಿ ಮರದ ಕೆಳಗೆ ಕಾಲು ಚಾಚಿ ಕೂತಿದ್ದ. ಬಚ್ಚಲ ನೀರು ಯಾರ ಕಡೆ ಹರಿಯಬೇಕು ಎಂದು ಹನ್ನೆರಡು ವರ್ಷ ಜಗಳವಾಡಿದವನ ಪಕ್ಕ ಕೂತು ಸುಖಪಡುವುದು ಆರ್ಕಿಪ್ಪನಿಗೆ ಸಾಧ್ಯವಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಚಿತ್ರದ ಜಗಲಿ. ಗೋಡೆಯ ಮೇಲೆ ಹಳೆಯ ಯುದ್ಧಗಳ ಚಿತ್ರವಿರುವ ಆ ಉದ್ದನೆಯ ಜಗಲಿ ಪೇಟೆಯ ಅಂಚಿನಲ್ಲೇ ಇದೆ, ನೆರಳಿದೆ, ಕೂರಲು ಮೆಟ್ಟಿಲಿದೆ, ಅಲ್ಲದೆ ಮೀನಿನ ಕಟ್ಟೆಯ ಗಂಟೆ ಬಾರಿಸಿದರೆ ಕೇಳಿಸುತ್ತದೆ. ಅಲ್ಲಿ ಪಾಠ ಹೇಳುತ್ತಿದ್ದ ಬೊಕ್ಕತಲೆಯ ಗುರುಗಳು ಆ ದಿನ ಹೀಗೆಂದರು: "ಸದ್ಗುಣ ಒಂದೇ ಒಳ್ಳೇದು. ದುರ್ಗುಣ ಒಂದೇ ಕೆಟ್ಟದ್ದು. ಮಿಕ್ಕಿದ್ದು, ಹಣ, ರೂಪ, ಆರೋಗ್ಯ, ಕೀರ್ತಿ, ಕೊನೆಗೆ ಬದುಕು ಸಾವು ಸಹಿತ ಯಾವುದೂ ಲೆಕ್ಕಕ್ಕಿಲ್ಲ."

ಆರ್ಕಿಪ್ಪ ಮೆಟ್ಟಿಲ ಮೇಲೆ ನೆಟ್ಟಗೆ ಕೂತ. ಮನೆಯಲ್ಲಿ ತಾನೇ ಲೆಕ್ಕಕ್ಕಿಲ್ಲದವನಾಗಿ ಎಷ್ಟೋ ತಿಂಗಳಾಗಿತ್ತು, ಆ ನೋವು ಅವನಿಗಿತ್ತು. ಈಗ ಎಲ್ಲವನ್ನೂ, ಎಲ್ಲರನ್ನೂ ತಾನೇ ಲೆಕ್ಕದಿಂದ ತೆಗೆದುಹಾಕಬಹುದು! ಇಷ್ಟು ಸುಲಭದ ಮುಕ್ತಿ ಪೇಟೆಯಲ್ಲೇ ಇತ್ತು. ಅಂದು ಅವನು ಮೀನು ಮರೆತು, ದೃಢಸಂಕಲ್ಪವೊಂದನ್ನು ಹೊತ್ತು ಮನೆಗೆ ಬಂದ.

"ಮೀನೆಲ್ಲಿ?"

"ಮೀನು ಲೆಕ್ಕಕ್ಕಿಲ್ಲ ಕಣೇ."

"ಯಾರ ಲೆಕ್ಕಕ್ಕೆ?"

"ಜ್ಞಾನಿಯ ಲೆಕ್ಕಕ್ಕೆ."

"ಜ್ಞಾನಿ ರಾತ್ರಿ ಏನು ತಿಂತಾನೆ?"

ಜ್ಞಾನಿ ರಾತ್ರಿ ಒಣರೊಟ್ಟಿಯನ್ನು ಈರುಳ್ಳಿಯ ಜೊತೆ ತಿಂದ. ಮುಖ ಹುಳ್ಳಗಾಗದ ಹಾಗೆ ನೋಡಿಕೊಂಡ. ಅದೇ ಮೊದಲ ವಿಜಯ ಎಂದು ಒಳಗೊಳಗೇ ಬೀಗಿದ.

ಅಲ್ಲಿಂದ ಮುಂದೆ ಮನೆಯಲ್ಲಿ ಯಾವುದೂ ಲೆಕ್ಕಕ್ಕಿರಲಿಲ್ಲ. ಎಣ್ಣೆಯ ಜಾಡಿ ಒಡೆದು ಅಂಗಳವೆಲ್ಲ ಜಾರುಬಂಡೆಯಾಯಿತು. "ಒಡೆಯೋದು ಜಾಡಿಯ ಸ್ವಭಾವ" ಎಂದ. ಸೂರು ಸೋರಿ ಫಿಲಿನ್ನಳ ಹಾಸಿಗೆ ನೆನೆಯಿತು. "ಸೋರೋದು ಸೂರಿನ ಸ್ವಭಾವ" ಎಂದ. ಅವಳಿಗೆ ಹಲ್ಲು ನೋವು ಬಂದು ಕೆನ್ನೆ ಊದಿದಾಗ, ನೋವೆಂಬುದು ನಮ್ಮ ಒಪ್ಪಿಗೆಯಿಲ್ಲದೆ ನಮ್ಮನ್ನು ಮುಟ್ಟಲಾರದೆಂದು ಹಾಸಿಗೆಯ ಪಕ್ಕ ಕೂತು ಸವಿಸ್ತಾರವಾಗಿ ತಿಳಿಸಿದ. ಫಿಲಿನ್ನ ಅಂದು ಕೈಗೆ ಸಿಕ್ಕಿದ ದೀಪದ ಬುಡ್ಡಿಯನ್ನು ಅವನತ್ತ ಬೀಸಿದಳು. ಅದು ಮೊಣಕಾಲಿಗೇ ತಗಲಿತು. ಒಪ್ಪಿಗೆ ಕೊಡದಿದ್ದರೂ ನೋವು ಬಂದದ್ದು ಅವನಿಗೆ ಸ್ವಲ್ಪ ಆಶ್ಚರ್ಯವನ್ನೇ ತಂದಿತು. ಆದರೆ ಪಟ್ಟು ಬಿಡಲಿಲ್ಲ. ಹಗ್ಗ ಮಾರಿದವನು, ಬಿಗಿ ಹಿಡಿಯುವುದು ಅವನ ಕಸುಬು.

ಇಷ್ಟೆಲ್ಲ ಲೆಕ್ಕದಿಂದ ತೆಗೆದರೂ ಒಂದನ್ನು ಮಾತ್ರ ಆರ್ಕಿಪ್ಪ ಯಾರಿಗೂ ಕಾಣದ ಹಾಗೆ ಎದೆಯ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದ. ಸೊಸೆ ಮಿರ್ಟೊಗೆ ದಿನ ತುಂಬಿತ್ತು. ಗಂಡಾದರೆ, ಅದು ಅವನ ಮೊದಲ ಮೊಮ್ಮಗ. ಮೊದಲ ಗಂಡು ಮಗುವಿಗೆ ತಂದೆಯ ತಂದೆಯ ಹೆಸರಿಡುವುದು ನಮ್ಮ ಪದ್ಧತಿ. ಆರ್ಕಿಪ್ಪ ತನ್ನ ತಂದೆ ಲೈಕೋನನ ಹೆಸರನ್ನು ಮಗನಿಗೆ ಇಟ್ಟಿದ್ದ. ಮಗ ತನ್ನ ಹೆಸರನ್ನು ಮೊಮ್ಮಗನಿಗೆ ಇಡಬೇಕು. "ಏ ಆರ್ಕಿಪ್ಪ, ಬಿಸಿಲಲ್ಲಿ ಆಡಬೇಡ, ಒಳಗೆ ಬಾರೋ" ಎಂದು ಬೀದಿಯಲ್ಲಿ ಯಾರೋ ಕೂಗುವುದು, ಚಿಕ್ಕ ಆರ್ಕಿಪ್ಪ ಬರಿಗಾಲಲ್ಲಿ ಓಡಿಬರುವುದು, ಇದನ್ನು ಅವನು ಹಗ್ಗದ ಸುರುಳಿಯ ಮೇಲೆ ಕೂತು ವರ್ಷಗಟ್ಟಲೆ ಕನಸು ಕಂಡಿದ್ದ. ಮೊಣಕಾಲು ಹೋಯಿತು, ಅಂಗಡಿ ಹೋಯಿತು. ಹೆಸರಾದರೂ ಉಳಿಯಲಿ ಎಂಬುದು ಮುದುಕನ ಆಸೆ.

ಫಿಲಿನ್ನಳ ಎದೆಯಲ್ಲೂ ಒಂದು ಹೆಸರಿತ್ತು. ಅವಳ ತಂದೆ ಫಾನಿಯ. ಅವಳ ಒಬ್ಬನೇ ಅಣ್ಣ ತಾನು ಮದುವೆಯಾಗುವ ಮುಂಚೆಯೇ ಯುದ್ಧದಲ್ಲಿ ಸತ್ತ. ತಂದೆಯ ಹೆಸರು ಹೇಳಲು ಆ ಕಡೆ ಗಂಡು ಕುಡಿ ಉಳಿಯಲಿಲ್ಲ. ಲೈಕೋನ ಹುಟ್ಟಿದಾಗ ಅವಳು ಕೇಳಿದ್ದಳು. ಆರ್ಕಿಪ್ಪ, "ಮೊದಲನೆಯದು ನಮ್ಮಪ್ಪಂದು, ಎರಡನೆಯದು ನಿಮ್ಮಪ್ಪಂದು" ಎಂದು ಧಾರಾಳವಾಗಿ ಹೇಳಿದ. ಎರಡನೆಯದು ಹುಟ್ಟಲೇ ಇಲ್ಲ. ಅವಳೂ ಮತ್ತೆ ಆ ಮಾತೆತ್ತಲಿಲ್ಲ. ಆರ್ಕಿಪ್ಪ ಅದನ್ನು ಮರೆತೇಬಿಟ್ಟ. ಮರೆಯಲು ಅವನಿಗೆ ಇನ್ನೊಂದು ಕಾರಣವೂ ಇತ್ತು. ಮಾವ ಫಾನಿಯ ಅಳಿಯನ ಮದುವೆಯ ಬಿಳಿ ಮೇಲುಹೊದಿಕೆಯನ್ನು ಒಂದು ದಿನದ ಮಟ್ಟಿಗೆ ಎಂದು ಕೇಳಿ ಪಡೆದು, ಅದರ ಮೇಲೆ ಒಂದು ಕೊಡ ದ್ರಾಕ್ಷಾರಸ ಚೆಲ್ಲಿಕೊಂಡು, "ಬಣ್ಣ ಚೆನ್ನಾಗಿ ಕೂತಿದೆ" ಎಂದು ತಾನೇ ಇಟ್ಟುಕೊಂಡ ಮನುಷ್ಯ.

ದೀಪದ ಬುಡ್ಡಿ ಬೀಸಿದ ಕೆಲವು ದಿನಗಳಿಗೆ ಫಿಲಿನ್ನ ಇದ್ದಕ್ಕಿದ್ದಂತೆ ಬದಲಾದಳು. ಬೈಯುವುದು ನಿಲ್ಲಿಸಿದಳು. ಇಷ್ಟು ವರ್ಷ ಸಂಸಾರ ಮಾಡಿದ ಗಂಡಸಿಗೆ ಹೆಂಡತಿ ಬೈಯುವುದು ನಿಲ್ಲಿಸಿದಾಗ ಭಯವಾಗಬೇಕು. ಆರ್ಕಿಪ್ಪನಿಗೆ ಹೆಮ್ಮೆಯಾಯಿತು.

ಆದದ್ದು ಇಷ್ಟು. ಕ್ಯಾಲಿಫೋನನ ಹೆಂಡತಿ ನಿಕೊ ಗಂಡನ ಜೊತೆ ತೋಟಕ್ಕೆ ಹೋಗುವವಳು. (ತೋಟದಲ್ಲಿ ಹೆಂಗಸರಿಗೂ ಪಾಠವುಂಟು. ಊರಿನ ಗಂಡಸರು ಇದಕ್ಕೆ ಮೂಗು ಮುರಿಯುವುದು ಏಕೆಂದು ಈ ಕಥೆ ಕೇಳಿದವರಿಗೆ ಅರ್ಥವಾದೀತು.) ಗೋಡೆಯಾಚೆಯಿಂದ ಫಿಲಿನ್ನಳ ಗೋಳು ಕೇಳಿ ಅವಳು ಒಂದೇ ಮಾತು ಹೇಳಿದಳಂತೆ: "ಅಕ್ಕಾ, ಎದುರು ವಾದ ಯಾಕೆ ಮಾಡ್ತೀರಿ? ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನಿ. ಹೂಂ ಅಂದು ಅವರ ಮಾತು ಎಲ್ಲೀವರೆಗೆ ಹೋಗುತ್ತೋ ಅಲ್ಲೀವರೆಗೆ ಹಿಂದೇನೇ ಹೋಗಿ."

ಫಿಲಿನ್ನ ಹಿಂದೆಯೇ ಹೋದಳು.

"ರೀ, ನಿಮ್ಮ ಮೆತ್ತೆ ಮಿರ್ಟೊಗೆ ಕೊಟ್ಟೆ. ಬಸುರಿ ಹೆಂಗಸು. ನಿಮಗೆ ಮೆತ್ತೆ ಲೆಕ್ಕಕ್ಕಿಲ್ಲವಲ್ಲ?"

"...ಇಲ್ಲ."

"ಇವತ್ತು ಮೀನು ಒಂದು ತುಂಡು ಕಮ್ಮಿ ಇದೆ. ನಿಮಗೆ ಗಂಜಿ ಇಟ್ಟಿದ್ದೀನಿ. ಮೀನಾದ್ರೂ ಒಂದೇ ಗಂಜಿಯಾದ್ರೂ ಒಂದೇ, ಅಲ್ವಾ?"

ಎದುರಿಗೆ ಮಗ ಲೈಕೋನ ಬೆಳ್ಳುಳ್ಳಿ ಹಚ್ಚಿ ಸುಟ್ಟ ಮೀನಿನ ಮುಳ್ಳು ಬಿಡಿಸುತ್ತಿದ್ದ. ಕಂಪು ಮೂಗಿಗೆ ಬಡಿಯುತ್ತಿತ್ತು. ಆರ್ಕಿಪ್ಪ ಗಂಜಿಯ ಬಟ್ಟಲನ್ನು ಎತ್ತಿ, ಜಗಲಿಯ ಗೋಡೆಯ ಮೇಲಿನ ವೀರರನ್ನು ನೆನೆದು, ಒಂದೇ ಉಸಿರಿಗೆ ಕುಡಿದ.

"ಒಂದೇ" ಎಂದ.

"ಎಂಥ ಗಟ್ಟಿ ಮನಸ್ಸು ನಿಮ್ಮಪ್ಪಂದು, ನೋಡಿ ಕಲಿ ಮಗನೇ" ಎಂದಳು ಫಿಲಿನ್ನ, ಕಣ್ಣು ಕೂಡ ಮಿಟುಕಿಸದೆ. ಆರ್ಕಿಪ್ಪ ಉಬ್ಬಿಹೋದ. ಹೊಗಳಿಕೆಯೂ ಲೆಕ್ಕಕ್ಕಿಲ್ಲ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಮಗು ಹುಟ್ಟಿತು, ಗಂಡು. ಬಾಗಿಲಿಗೆ ಆಲಿವ್ ಎಲೆಯ ಹಾರ ಬಿತ್ತು. ಸೂಲಗಿತ್ತಿ ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದಾಗ ಆರ್ಕಿಪ್ಪ ಅಳಬಾರದೆಂದು ತುಟಿ ಕಚ್ಚಿದ, ಆಮೇಲೆ ಅಂಗಳದ ಮೂಲೆಗೆ ಹೋಗಿ ಕಣ್ಣಿಗೆ ಹೊಗೆ ಹೋಯಿತು ಎಂದು ಎಲ್ಲರಿಗೂ ಹೇಳಿದ. ಒಲೆ ಉರಿದಿರಲಿಲ್ಲ. "ಆರ್ಕಿಪ್ಪ" ಎಂದು ಮಗುವಿನ ಕಿವಿಯ ಹತ್ತಿರ ಮೆಲ್ಲಗೆ ಕರೆದೂ ನೋಡಿದ. ಅದು ಆಕಳಿಸಿತು. ಒಪ್ಪಿಗೆಯೆಂದೇ ತಿಳಿದ.

ಹತ್ತನೆಯ ದಿನ ಹೆಸರಿಡುವ ಊಟ. ನೆಂಟರೆಲ್ಲ ಬರುವವರು. ಅಂದು ಬೆಳಿಗ್ಗೆ ಫಿಲಿನ್ನ ಗಂಡನನ್ನು ಬಾಗಿಲವರೆಗೂ ಬಂದು ಕಳಿಸಿದಳು.

"ಬಿಯೋಷಿಯಾ ಕಡೆಯ ಹಾವುಮೀನು ಬಂದಿದೆಯಂತೆ. ನಮ್ಮ ಕಡೆಯವರು ಪೂರ್ತಿ ಎಂಟು ಮನೆ ಬರ್ತಾರೆ, ಮಾನ ಹೋಗಬಾರದು. ಜಗಲಿ ಕಡೆ ತಲೆ ಹಾಕಿದ್ರೆ, ಇಬ್ಬರು ದೇವಿ ತಾಯಂದಿರ ಆಣೆ, ಈ ಬಾಗಿಲು ತೆಗೆಯಲ್ಲ."

"ಹಾವುಮೀನು ಲೆಕ್ಕ..."

"ಇವತ್ತು ಲೆಕ್ಕಕ್ಕಿದೆ. ಹೋಗಿ."

ದಾರಿ ಜಗಲಿಯ ಮುಂದೆಯೇ ಹಾದುಹೋಗುತ್ತದೆ, ಆರ್ಕಿಪ್ಪ ಏನು ಮಾಡಿಯಾನು? ಮೆಟ್ಟಿಲ ಮೇಲೆ ಎಂದಿಲ್ಲದ ಜನ. ಗುರುಗಳು ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದರು: "ಇಲ್ಲೀವರೆಗೆ ಕೇಳಿದ್ದು ಅರ್ಧ ಪಾಠ. ಅದಿಷ್ಟನ್ನೇ ಹಿಡಕೊಂಡು ಮನೆಗೆ ಹೋದವನು ಕೆಟ್ಟ. ಉಳಿದರ್ಧ ಇವತ್ತು ಹೇಳ್ತೀನಿ, ಗಮನ ಇಟ್ಟು ಕೇಳಿ."

ಆರ್ಕಿಪ್ಪನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಅಷ್ಟರಲ್ಲಿ ಮೀನಿನ ಕಟ್ಟೆಯ ಗಂಟೆ ಢಣಢಣ ಬಾರಿಸಿತು. ನಾಲ್ಕು ದಿಕ್ಕಿನಿಂದ ಗಂಡಸರು ಬುಟ್ಟಿ ಹಿಡಿದು ಓಡತೊಡಗಿದರು. ಉಳಿದರ್ಧ ಏನಿದ್ದೀತು, ಮೊದಲರ್ಧದ ಹಾಗೆಯೇ ಇರುತ್ತದೆ. ಹಗ್ಗದ ಒಂದು ತುದಿ ನೋಡಿದವನಿಗೆ ಇನ್ನೊಂದು ತುದಿ ಬೇರೆ ನೋಡಬೇಕೆ? ಹೀಗೆಂದುಕೊಂಡು ಆರ್ಕಿಪ್ಪ ಕಾಲು ತೆಗೆದ. ಕೆಟ್ಟ ಮೊಣಕಾಲಿನಲ್ಲೇ ಓಡಿ, ಇಬ್ಬರನ್ನು ಮೊಣಕೈಯಲ್ಲಿ ಸರಿಸಿ, ಇದ್ದುದರಲ್ಲೇ ದಪ್ಪನೆಯ ಹಾವುಮೀನನ್ನು ಹಿಡಿದು ತಂದ. ಫಿಲಿನ್ನ ಬಾಗಿಲು ತೆಗೆದಳು.

ಮಧ್ಯಾಹ್ನಕ್ಕೆ ಅಂಗಳ ತುಂಬಿತು. ನೆಂಟರು ಪದ್ಧತಿಯಂತೆ ಉಡುಗೊರೆಗೆ ಬಳ್ಳಿಕಾಲಿನ ಬೊಂಡಾಸ ಮೀನಿನ ಗೊಂಚಲು ಹಿಡಿದು ಬಂದರು. ಹಾವುಮೀನು ಸೊಪ್ಪಿನ ಹೊದಿಕೆಯಲ್ಲಿ ಬೆಂದು ಘಮಘಮಿಸಿತು. ಕ್ಯಾಲಿಫೋನನನ್ನೂ ಕರೆಯಲಾಗಿತ್ತು, ಅಷ್ಟೇ ಅಲ್ಲ, ಅವನ ಮುಂದೆ ಜೇನಿನ ಕಡುಬು ಎಲ್ಲರಿಗಿಂತ ಎತ್ತರವಾಗಿ ಪೇರಿಸಲಾಗಿತ್ತು. ಬಚ್ಚಲ ನೀರಿನವನಿಗೆ ಇಷ್ಟು ಕಡುಬು ಏಕೆ ಎಂದು ಆರ್ಕಿಪ್ಪ ಒಂದು ಕ್ಷಣ ಯೋಚಿಸಿದ, ಆಮೇಲೆ ಬಿಟ್ಟ. ಅವನು ಅಂದು ಮೆಗಾರ ಪಟ್ಟಣದ ಹೊಸ ಬಿಳಿ ಹೊದಿಕೆ ಹೊದ್ದು, ತಲೆಗೆ ಹೂಮಾಲೆ ಸುತ್ತಿ, ಹೆಸರು ಹೊರಬೀಳುವ ಗಳಿಗೆಗೆ ಮುಖವನ್ನು ಹೇಗಿಟ್ಟುಕೊಳ್ಳಬೇಕು ಎಂದು ಒಳಗೊಳಗೇ ಅಭ್ಯಾಸ ಮಾಡುತ್ತಿದ್ದ.

ಕ್ಯಾಲಿಫೋನ ಬೆರಳು ನೆಕ್ಕಿಕೊಂಡು ಬಾಯಿ ತೆರೆದ.

"ಏನ್ ಆರ್ಕಿಪ್ಪಣ್ಣ, ಎದೆ ಹಿಂಗೆ ಉಬ್ಬಿದೆ? ಮೊಮ್ಮಗನ ಮೇಲೆ ತನ್ನ ಹೆಸರು ಕೂರುತ್ತೆ ಅಂತ ತಾನೆ? ನಿಮ್ಮ ಜಗಲಿಯವರು ಬಾಯಲ್ಲಿ ಏನೇ ಹೇಳಲಿ, ಹೆಸರು ಅಂದ್ರೆ ನಮ್ಮ ಹಾಗೇ ಜೊಲ್ಲು ಸುರಿಸ್ತಾರೆ ಬಿಡಿ."

ಅಂಗಳ ನಕ್ಕಿತು. ಆರ್ಕಿಪ್ಪನ ಕಿವಿ ಕೆಂಪಾಯಿತು.

"ಹಾಗೆಲ್ಲ ಅನ್ನಬೇಡಿ ಕ್ಯಾಲಿಫೋನಣ್ಣ" ಎಂದು ಫಿಲಿನ್ನ ಗಂಡನ ಪರವಾಗಿ ಎದ್ದುನಿಂತಳು. ಅವಳ ದನಿಯಲ್ಲಿ ಬೆಣ್ಣೆಯಿತ್ತು. "ನಮ್ಮೆಜಮಾನ್ರು ಅಂಥೋರಲ್ಲ. ಮೆತ್ತೆ ಬಿಟ್ಟರು, ಮೀನು ಬಿಟ್ಟರು, ಮಳೇಲಿ ಹಾಸಿಗೆ ನೆಂದ್ರೂ ತುಟಿಪಿಟಕ್ ಅನ್ನಲಿಲ್ಲ. ಹೆಸರೊಂದು ಅವರಿಗೆ ಹೆಚ್ಚಾ? ನೀವೇ ಹೇಳಿ ರೀ, ಎಲ್ಲರೂ ಕೇಳಲಿ. ಹೆಸರು ಲೆಕ್ಕಕ್ಕಿದೆಯೋ ಇಲ್ಲವೋ?"

ಆರ್ಕಿಪ್ಪ ಸುತ್ತ ನೋಡಿದ. ಎಂಟು ಮನೆಯ ನೆಂಟರು ಅವನನ್ನೇ ನೋಡುತ್ತಿದ್ದರು. ಬಂದರು ಬಿಟ್ಟ ಮೇಲೆ ಇಷ್ಟು ಜನ ಒಟ್ಟಿಗೆ ಅವನ ಬಾಯಿ ನೋಡಿದ್ದು ಇದೇ ಮೊದಲು. ಇದನ್ನು ಬಿಡಲು ಅವನಿಂದ ಆಗಲಿಲ್ಲ. ಹೊದಿಕೆಯ ನೆರಿಗೆ ಸರಿಮಾಡಿ, ಕೈ ಮುಂದೆ ಚಾಚಿ, ಗುರುಗಳ ಹಾಗೆಯೇ ಗಂಟಲು ಸರಿಮಾಡಿಕೊಂಡ.

"ಹೆಸರು ಅಂದರೇನು? ತುಟಿಯಿಂದ ಹೊರಟ ಗಾಳಿ! ಹುಟ್ಟುವಾಗ ತರಲಿಲ್ಲ, ಹೋಗುವಾಗ ಒಯ್ಯೋದಿಲ್ಲ. ಹೆಸರು ಹಿಡಿದು ಕರೆದ್ರೆ ಕಳ್ಳನೂ ತಿರುಗ್ತಾನೆ, ಸಾಧುವೂ ತಿರುಗ್ತಾನೆ. ಗುಣ ಒಂದೇ ಉಳಿಯೋದು. ಈ ಮಗೂನ ಆರ್ಕಿಪ್ಪ ಅನ್ನಿ, ಇನ್ನೊಂದು ಅನ್ನಿ, ಜ್ಞಾನಿಗೆ ಎರಡೂ ಒಂದೇ. ಹೆಸರು ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲ!"

ಭಲೇ ಭಲೇ ಎಂದರು ಎಲ್ಲರೂ. ಕ್ಯಾಲಿಫೋನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಆರ್ಕಿಪ್ಪ ತಲೆಬಾಗಿಸಿ ಸ್ವೀಕರಿಸಿದ.

"ಕೇಳಿದೆಯಾ ಲೈಕೋನ?" ಎಂದಳು ಫಿಲಿನ್ನ. ಬೆಣ್ಣೆ ಹೋಗಿತ್ತು. "ಅಪ್ಪನ ಬಾಯಿಂದಾನೇ ಬರಬೇಕು, ನಾಲ್ಕು ಜನರ ಮುಂದೆ ಬರಬೇಕು ಅಂದಿದ್ದೆಯಲ್ಲ. ಬಂತು. ಈಗ ಹೆಸರಿಡು."

ಲೈಕೋನ ತಂದೆಯ ಮುಖ ನೋಡಿದ, ತಾಯಿಯ ಮುಖ ನೋಡಿದ, ತಾಯಿಯ ಮುಖವನ್ನು ಇನ್ನೊಮ್ಮೆ ನೋಡಿದ. ಮಗುವನ್ನು ಎತ್ತಿಹಿಡಿದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

"ಲೈಕೋನನ ಮಗ ಫಾನಿಯ!"

ಅಂಗಳವೆಲ್ಲ ಗುಲ್ಲೆದ್ದಿತು. ಫಿಲಿನ್ನಳ ಕಡೆಯ ಮುದುಕಿಯರು ಗೊಳೋ ಎಂದು ಆನಂದದಿಂದ ಅತ್ತರು. ಆರ್ಕಿಪ್ಪನ ಕೈ ಇನ್ನೂ ಮುಂದಕ್ಕೆ ಚಾಚಿಯೇ ಇತ್ತು. ಅದನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದು ಎಂದು ಅವನಿಗೆ ತಿಳಿಯಲಿಲ್ಲ. ಯಾರೋ ಆ ಕೈಗೆ ಒಂದು ಬಟ್ಟಲು ಕೊಟ್ಟರು.

ಮರುದಿನ ಬೆಳಿಗ್ಗೆ ಜಗಲಿಯ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ಕಸ ಗುಡಿಸಲು ಬಂದವನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಬಂದ ಹಿರಿಯ ಶಿಷ್ಯನೊಬ್ಬನನ್ನು ಅಲ್ಲೇ ಹಿಡಿದ.

"ನಿನ್ನೆ ಏನು ಹೇಳಿದ್ರಪ್ಪ ಗುರುಗಳು? ಉಳಿದರ್ಧ?"

"ಅಯ್ಯೋ, ಅದನ್ನ ತಪ್ಪಿಸಿಕೊಂಡ್ರಾ? ಲೆಕ್ಕಕ್ಕಿಲ್ಲದ್ದರಲ್ಲೇ ಎರಡು ಥರ ಇದೆಯಂತೆ. ಕೆಲವನ್ನ ಬೇಡ ಅನ್ನಬಹುದು. ಕೆಲವನ್ನ, ಒಳ್ಳೇದು ಅಂತ ಅಲ್ಲದೇ ಇದ್ರೂ, ಕೈಗೆ ಸಿಕ್ಕಿದಾಗ ಆಯ್ಕೊಳ್ಳೋದೇ ಸರಿ, ಆಯ್ಕೊಳ್ಳದವನು ದಡ್ಡ ಅಂದ್ರು. ಆರೋಗ್ಯ, ಮಕ್ಕಳು ಮರಿ, ಒಳ್ಳೇ ಹೆಸರು..."

"ಹೆಸರು?"

"ಹೂಂ, ಹೆಸರು. ಅದನ್ನೇ ಎರಡು ಸಲ ಹೇಳಿದ್ರು. ಯಾಕೆ, ಎಲ್ಲಿಗೆ ಹೋಗಿದ್ರಿ ನಿನ್ನೆ?"

"ಹಾವುಮೀನು ತರೋಕೆ" ಎಂದ ಆರ್ಕಿಪ್ಪ. ಅದರಲ್ಲಿ ಅವನಿಗೆ ಬಾಲದ ತುಂಡೂ ಸಿಕ್ಕಿರಲಿಲ್ಲ.

ಅವನು ಸೋಲೊಪ್ಪುವವನಲ್ಲ. ನೇರ ಮನೆಗೆ ಬಂದು, ಬಂದರಿಗೆ ಹೊರಟಿದ್ದ ಮಗನನ್ನು ಬಾಗಿಲಲ್ಲೇ ತಡೆದ.

"ಲೈಕೋನ, ಆದದ್ದು ಆಯ್ತು. ಎರಡನೆಯದು ಗಂಡಾದ್ರೆ ನನ್ನ ಹೆಸರು. ಮಾತು ಕೊಡು."

ಲೈಕೋನ ಕಾಲಿನಿಂದ ಕಾಲಿಗೆ ಭಾರ ಬದಲಿಸಿದ. "ಅಪ್ಪಾ, ಎರಡನೆಯದಕ್ಕೆ ಮಿರ್ಟೊ ಅಪ್ಪನ ಹೆಸರು ಇಡಬೇಕಲ್ಲ, ಪದ್ಧತಿ. ಮಾವ ನಿನ್ನೆ ಊಟದಲ್ಲೇ ನೆನಪು ಮಾಡಿದ್ರು."

"ಮೂರನೆಯದು?"

ಮಹಡಿಯ ಕಿಟಕಿಯಿಂದ ಮಿರ್ಟೊಳ ದನಿ ಕೇಳಿಸಿತು. "ಮಾವಾ, ನನಗಿನ್ನೂ ಸೊಂಟ ನೋವೇ ಹೋಗಿಲ್ಲ!"

ಲೈಕೋನ ತಂದೆಯ ಕಣ್ಣು ತಪ್ಪಿಸಿ ಬಂದರಿನ ದಾರಿ ಹಿಡಿದ. ಇನ್ನುಳಿದದ್ದು ಹೆಂಡತಿ. ಅವಳನ್ನು ತರಾಟೆಗೆ ತೆಗೆದುಕೊಳ್ಳುವುದೆಂದು ನಿಶ್ಚಯಿಸಿ ಆರ್ಕಿಪ್ಪ ಒಳಗೆ ಹೋದ. ಮೋಸ, ಪಿತೂರಿ, ಕಡುಬಿನ ಲಂಚ, ಎಲ್ಲ ಮಾತೂ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು.

ಫಿಲಿನ್ನ ಅಂಗಳದ ಎಳೆಬಿಸಿಲಿನಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. "ಫಾನಿಯ... ಏ ಫಾನಿಯ... ನನ್ನಪ್ಪಾ... ಎಲ್ಲಿಗೆ ಹೋಗಿದ್ದೆ ಇಷ್ಟು ದಿನ?" ಎಂದು ಮೆಲ್ಲಗೆ ಕರೆಯುತ್ತಿದ್ದಳು. ಕರೆದಾಗಲೆಲ್ಲ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಲ್ಲಿ ಎಣ್ಣೆ.

ಗಂಡನ ನೆರಳು ಕಂಡು ತಲೆ ಎತ್ತಿದಳು. "ಬೈಯೋದಿದ್ರೆ ಬೈದುಬಿಡಿ. ಲೈಕೋನ ಹುಟ್ಟಿದಾಗಿಂದ ಕಾದಿದ್ದೀನಿ. ಈ ಮನೇಲಿ ನಮ್ಮಪ್ಪನ ಹೆಸರು ಒಂದು ಸಲ ಜೋರಾಗಿ ಕರೀಬೇಕು ಅಂತ ಆಸೆ ಇತ್ತು. ಕೇಳಿದ್ರೆ ಕೊಡ್ತಿರಲಿಲ್ಲ ನೀವು."

ಕೊಡುತ್ತಿರಲಿಲ್ಲ. ಅದು ನಿಜ. ಸಾಲಾಗಿ ನಿಂತಿದ್ದ ಮಾತುಗಳು ಒಂದೊಂದಾಗಿ ಜಾರಿಹೋದವು. ಆರ್ಕಿಪ್ಪನಿಗೆ ಎದೆಯಲ್ಲಿ ಉರಿಯಿತು, ಜೊತೆಗೆ ನಾಚಿಕೆಯೂ ಆಯಿತು. ಎರಡೂ ಲೆಕ್ಕಕ್ಕಿರುವ ಸಂಗತಿಗಳೇ ಎಂಬುದರಲ್ಲಿ ಅವನಿಗೆ ಅನುಮಾನವೇ ಉಳಿಯಲಿಲ್ಲ. "ಎಣ್ಣೆ ಜಾಸ್ತಿಯಾಯ್ತು ನೋಡು" ಎಂದಷ್ಟೇ ಹೇಳಿ ಬುಟ್ಟಿ ತೆಗೆದುಕೊಂಡು ಪೇಟೆಗೆ ಹೊರಟ.

ಸುದ್ದಿ ಅವನಿಗಿಂತ ಮುಂಚೆ ಪೇಟೆ ಸೇರಿತ್ತು. ಅದು ಕ್ಯಾಲಿಫೋನನ ಕೆಲಸ ಎಂದು ಬೇರೆ ಹೇಳಬೇಕಿಲ್ಲ. ಜಗಲಿಯ ಮುಂದೆ ಬಂದರೆ ಗುರುಗಳು ಕೈ ಬೀಸಿ ಬೀಸಿ ಅವನ ಕಥೆಯನ್ನೇ ಹೇಳುತ್ತಿದ್ದರು.

"ನಮ್ಮ ಪಾಠ ಬರೀ ಬಾಯಿಮಾತು ಅನ್ನೋರಿಗೆ ಇದನ್ನ ಹೇಳಿ. ಇದೇ ಊರಲ್ಲಿ ಒಬ್ಬ ಹಗ್ಗದ ವ್ಯಾಪಾರಿ ಇದ್ದಾನೆ. ಮೊಮ್ಮಗನಿಗೆ ತನ್ನ ಹೆಸರಿಡೋ ದಿನ, ನೆಂಟರೆಲ್ಲರ ಮುಂದೆ, ನನ್ನ ಹೆಸರು ಬೇಡ ಅಂತ ತಾನಾಗೇ ಬಿಟ್ಟುಕೊಟ್ಟ. ಆಯ್ಕೊಳ್ಳಬಹುದಾಗಿತ್ತು, ಯಾರೂ ತಪ್ಪು ಅಂತಿರಲಿಲ್ಲ. ಆದ್ರೂ ಹೆಂಡತಿಯ ತಂದೆಯ ಹೆಸರು ಉಳೀಲಿ ಅಂತ ಬಿಟ್ಟ. ಜ್ಞಾನಿಯನ್ನ ನೋಡಬೇಕು ಅಂದ್ರೆ ದೂರ ಹೋಗಬೇಕಾಗಿಲ್ಲ!"

ಮೆಟ್ಟಿಲ ತುಂಬ ಜನ ತಲೆ ಆಡಿಸಿದರು. ಸೈಪ್ರಸ್ಸಿನಿಂದ ಬಂದ ಶಿಷ್ಯನೊಬ್ಬ, "ನಮ್ಮೂರಿಗೆ ಹೋಗಿ ಇದನ್ನ ಹೇಳ್ತೀನಿ" ಎಂದ. ರೋಡ್ಸ್ ದ್ವೀಪದವನು, "ನಾನು ನನ್ನ ಶಿಷ್ಯರಿಗೆ ಹೇಳ್ತೀನಿ, ಅವರು ಅವರ ಶಿಷ್ಯರಿಗೆ ಹೇಳ್ತಾರೆ. ನೂರಾರು ವರ್ಷ ಉಳಿಯೋ ಕಥೆ ಇದು" ಎಂದ. ಕಂಬದ ಮರೆಯಲ್ಲಿ ನಿಂತಿದ್ದ ಆರ್ಕಿಪ್ಪನ ರೋಮ ನಿಮಿರಿತು. ಬೀದಿಯಲ್ಲಿ ಓಡುವ ಚಿಕ್ಕ ಆರ್ಕಿಪ್ಪ ಹೋದರೆ ಹೋಗಲಿ. ಇದು ಸಮುದ್ರದಾಚೆಗೆ ಹೋಗುವ ಹೆಸರು! ಹೊದಿಕೆ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

"ಗುರುಗಳೇ, ಆ ಮಹಾನುಭಾವನ ಹೆಸರೇನು?" ಎಂದು ಸೈಪ್ರಸ್ಸಿನವನು ಕೇಳಿದ.

ಆರ್ಕಿಪ್ಪ ಇನ್ನೊಂದು ಹೆಜ್ಜೆ ಬಂದ.

ಗುರುಗಳು ಹಣೆ ಹಣೆ ಚಚ್ಚಿಕೊಂಡರು. "ಹೆಸರು ಕೇಳ್ತಾನಲ್ಲಪ್ಪ ಇವನು! ಇಷ್ಟು ಹೊತ್ತು ಯಾರಿಗೆ ಹೇಳಿದೆ ನಾನು? ಹೆಸರೇ ಬೇಡ ಅಂದವನ ಹೆಸರು ನಿಮಗ್ಯಾಕಯ್ಯ? ಅದನ್ನ ಹೇಳಿದ್ರೆ ಅವನಿಗೆ ಅವಮಾನ ಮಾಡಿದ ಹಾಗೆ. ಯಾರೂ ಕೇಳಬೇಡಿ, ಯಾರೂ ಹೇಳಬೇಡಿ. ಒಬ್ಬ ಹಗ್ಗದ ವ್ಯಾಪಾರಿ, ಅಷ್ಟು ಸಾಕು."

ಎಲ್ಲರೂ ಸೈಪ್ರಸ್ಸಿನವನನ್ನು ನೋಡಿ ನಕ್ಕರು. ಆರ್ಕಿಪ್ಪನ ಬಾಯಿ ತೆರೆದಿತ್ತು. ನಾನೇ ಅವನು ಎಂದು ಒಂದು ಮಾತು ಹೇಳಿದರೆ ಕಥೆಯೇ ಸುಳ್ಳಾಗುತ್ತದೆ, ಹೇಳದಿದ್ದರೆ ಕಥೆಯಲ್ಲಿ ಅವನೇ ಇರುವುದಿಲ್ಲ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿ, ಎರಡು ತುಂಡು ಮೀನು ಕೊಂಡು ಮನೆಗೆ ಬಂದ.

"ಏನಂದ್ರು ಗುರುಗಳು ಇವತ್ತು?" ಎಂದಳು ಫಿಲಿನ್ನ.

"ನನ್ನ ಕಥೆ ಹೇಳಿದ್ರು."

"ಹೌದಾ! ಹೆಸರು ಹೇಳಿದ್ರಾ?"

ಆರ್ಕಿಪ್ಪ ಬುಟ್ಟಿ ಕೆಳಗಿಟ್ಟು ಮಗುವನ್ನು ಎತ್ತಿಕೊಂಡು ಅಂಗಳದ ಆ ಮೂಲೆಗೆ ಹೋದ. ಹೆಂಡತಿಗೆ ಕೇಳದ ಹಾಗೆ ಅದರ ಕಿವಿಯಲ್ಲಿ ಪಿಸುಗುಟ್ಟಿದ: "ನೋಡು ಫಾನಿಯ, ನೀನಾದ್ರೂ ನೆನಪಿಟ್ಕೋ. ನಿನ್ನ ತಾತನ ಹೆಸರು ಆರ್ಕಿಪ್ಪ. ಆ-ರ್ಕಿ-ಪ್ಪ. ಎಲ್ಲಿ, ತಾತನ ಹೆಸರೇನು?"

ಮಗು ಅವನನ್ನು ಗಂಭೀರವಾಗಿ ನೋಡಿತು. ಆಮೇಲೆ ಮೆಗಾರದ ಹೊಸ ಬಿಳಿ ಹೊದಿಕೆಯ ಎದೆಯಿಂದ ಅಂಚಿನವರೆಗೂ, ಧಾರಾಳವಾಗಿ, ಬೆಚ್ಚಗೆ ಉಚ್ಚೆ ಹೊಯ್ದು, ಹಲ್ಲಿಲ್ಲದ ಬಾಯಿ ಅಗಲಿಸಿತು. ಮಾವ ಫಾನಿಯ ಅಂದು ದ್ರಾಕ್ಷಾರಸ ಚೆಲ್ಲಿಕೊಂಡು ನಕ್ಕದ್ದೂ ಥೇಟ್ ಹೀಗೆಯೇ.

"ರೀ, ಹೊಸ ಹೊದಿಕೆ!" ಎಂದು ಫಿಲಿನ್ನ ಕೂಗಿದಳು.

"ಗೊತ್ತು ಕಣೇ, ಗೊತ್ತು" ಎಂದ ಆರ್ಕಿಪ್ಪ, ಮಗುವನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡು. "ಲೆಕ್ಕಕ್ಕಿಲ್ಲ."